ಇಟಲಿಯ ಫ್ಲಾರೆನ್ಸ್‌ಗೆ ಹೊರಟ ನಮ್ಮ ಕೊಡಗಿನವರಿಗೆ

ಕಾಫಿ ಕುಯ್ಲು ಮುಗಿಸಿ ಮಾರ್ಚಿನಲ್ಲಿ ಹೊರಡಿ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುವ ಕೆಲಸ ಯಾರಿಗಾದರೂ ವಹಿಸಿ. ಸೋಮವಾರ ಉಫಿಝಿ, ಅಕಾಡೆಮಿಯಾ ಎರಡೂ ಕಲಾ ಮ್ಯೂಸಿಯಂಗಳಿಗೆ ರಜೆ. ಅಂದು ಕೆಥೆಡ್ರಲ್‌ನ ಗುಮ್ಮಟ ಹತ್ತಿ. ಟಿಕೆಟ್ಟನ್ನು ಮಡಿಕೇರಿಯಿಂದಲೇ ಬುಕ್ ಮಾಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. 463 ಮೆಟ್ಟಿಲು, ಲಿಫ್ಟ್ ಇಲ್ಲ. ತಡಿಯಂಡಮೋಳ್ ಹತ್ತಿದವರಿಗೆ ಅದೇನೂ ಹೆಚ್ಚಲ್ಲ, ಆದರೆ ದಾರಿ ತೀರಾ ಇಕ್ಕಟ್ಟು.

1436ರಲ್ಲಿ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಮುಗಿಸಿದ ಈ ಗುಮ್ಮಟಕ್ಕೆ ಎರಡು ಪದರ. ಮೆಟ್ಟಿಲು ಅವುಗಳ ನಡುವೆಯೇ ಏರುತ್ತದೆ. ಅವಸರ ಬೇಡ, ಗೋಡೆ ನೋಡಿ. ಮಲಗಿಸಿದ ಇಟ್ಟಿಗೆಗಳ ನಡುನಡುವೆ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆ ಕಾಣುತ್ತದೆ. ನೆಲದಿಂದ ಸೆಂಟ್ರಿಂಗ್ ಕೊಡದೆ ಕಟ್ಟುವಾಗ ಹಸಿ ಸಾಲು ಜಾರದಂತೆ ಹಿಡಿದದ್ದು ಅದೇ. ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ.

ಕೆಥೆಡ್ರಲ್ ಎದುರಿನ ಬ್ಯಾಪ್ಟಿಸ್ಟ್ರಿಯ (ದೀಕ್ಷಾಸ್ನಾನದ ಕಟ್ಟಡ) ಚಿನ್ನದ ಲೇಪದ ಬಾಗಿಲು ಪ್ರತಿಕೃತಿ. ಶಿಲ್ಪಿ ಗಿಬರ್ಟಿಯ ಅಸಲು ಕೆಲಸ ಕೆಥೆಡ್ರಲ್ ಹಿಂದಿನ ಮ್ಯೂಸಿಯಂನಲ್ಲಿದೆ, ತಪ್ಪದೆ ನೋಡಿ.