ಅತ್ತೆಯವರ ಸ್ನಾನ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವುದರಲ್ಲಿ ಕಷ್ಟ ಯಾವುದೆಂದರೆ, ಕೇಳಿದ್ದನ್ನೇ ಕೇಳುವುದು, ಹೆಸರು ಮರೆಯುವುದು ಎನ್ನುತ್ತಾರೆ. ನನ್ನನ್ನು ಕೇಳಿದರೆ, ಸ್ನಾನ. ಬಿ12 ಕೊರತೆ ಮತ್ತು ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರಬಹುದಾದ್ದರಿಂದ ವೈದ್ಯರು ಮೊದಲು ಆ ಪರೀಕ್ಷೆಗಳನ್ನು ಮಾಡಿಸಿ, ಬಳಿಕ ಅತ್ತೆಯವರಿಗಿರುವುದು ಆಲ್ಝೈಮರ್ಸ್ ಎಂದಿದ್ದರು. ಸ್ನಾನವಾಗದೆ ಕಾಫಿಯನ್ನೂ ಮುಟ್ಟದಿದ್ದವರು ಕ್ರಮೇಣ ಬಚ್ಚಲಿನ ಬಾಗಿಲಲ್ಲೇ ಚೌಕಟ್ಟು ಹಿಡಿದು ನಿಲ್ಲತೊಡಗಿದರು.

ನೆಂಟರು ಹಠ ಎಂದರು. ಫೋನಿನಲ್ಲಿ ಸಲಹೆ ಕೊಡುವವರಿಗೆ ಎಲ್ಲವೂ ಹಠವೇ. ಬಾಗಿಲಲ್ಲಿ ನಿಂತು ಅವರ ಕಣ್ಣು ಎಲ್ಲಿ ಹೋಗುತ್ತದೆಂದು ನೋಡಿದರೆ ಸಾಕು, ಅದು ಹೆದರಿಕೆಯೆಂದು ತಿಳಿಯುತ್ತದೆ. ನೆಲಕ್ಕೆ ಹಾಸಿದ್ದ ಕಪ್ಪು ಮ್ಯಾಟ್ ಅವರಿಗೆ ಗುಂಡಿಯಂತೆ ಕಾಣುತ್ತಿತ್ತು. ಕನ್ನಡಿಯಲ್ಲಿ ಯಾರೋ ಅಪರಿಚಿತ ಮುದುಕಿ. ಬಿಳಿ ಟೈಲ್ಸಿನ ಮೇಲಿಟ್ಟ ಬಿಳಿ ಸ್ಟೂಲ್ ಕಣ್ಣಿಗೇ ಬೀಳದು. ಇಲ್ಲದ ಜಾಗದಲ್ಲಿ ಕೂರು ಎಂದರೆ ಯಾರು ಕೂರುತ್ತಾರೆ? ಮ್ಯಾಟ್ ತೆಗೆದು ಜಾರದ ಟೈಲ್ಸ್ ಹಾಕಿಸಿದೆವು, ಕನ್ನಡಿಗೆ ಬಟ್ಟೆ ಇಳಿಬಿಟ್ಟೆವು, ಕೆಂಪು ಸ್ಟೂಲ್ ತಂದೆವು. ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಾಳುವುದಿಲ್ಲ, ಆದರೆ ಅವರು ಹಿಡಿಯುವುದು ಅದನ್ನೇ. ಅದನ್ನು ತೆಗೆಸಿ ಗೋಡೆಗೆ ಗಟ್ಟಿ ಹಿಡಿಕೆ ಕೂರಿಸಿದೆವು.

ಶವರ್ ಬಿಟ್ಟೇಬಿಟ್ಟೆ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಹಂಡೆಯ ಬಿಸಿನೀರನ್ನು ತಂಬಿಗೆಯಲ್ಲಿ ಮೊಗೆದು ಹುಯ್ದುಕೊಂಡು ಬದುಕಿದ ಜೀವ ಅದು. ನೆತ್ತಿಯ ಮೇಲೆ ತಾನಾಗಿ ಸುರಿಯುವ ನೀರು ಅವರಿಗೆ ಬೇಕಿಲ್ಲ. ಹಿತ್ತಾಳೆಯ ತಂಬಿಗೆಯನ್ನು ಕೈಗೆ ಕೊಟ್ಟರೆ, ನಾನು ಹೇಳದೆಯೇ ಕೈ ಬಕೆಟ್ಟಿಗಿಳಿಯುತ್ತದೆ. ಮಗನ ಹೆಸರು ಹೋದ ಮೇಲೂ ಕೈಗೆ ಹತ್ತಿದ ಕೆಲಸ ಬಹಳ ಕಾಲ ಉಳಿಯುತ್ತದೆ.

"ಸ್ನಾನ ಮಾಡುತ್ತೀರಾ?" ಎಂದು ಕೇಳುವುದೇ ಇಲ್ಲ, ಕೇಳಿದರೆ ಉತ್ತರ "ಆಯಿತು ಆಗಲೇ". ಅಂಗಳದ ಬಿಸಿಲಿನಲ್ಲಿ ಕೂರಿಸಿ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತೇನೆ. ಬಚ್ಚಲಿನೊಳಗೆ ಎಣ್ಣೆ ತರುವುದಿಲ್ಲ, ಜಾರಿ ಸೊಂಟದ ಮೂಳೆ ಮುರಿದರೆ ಮುಂದೆ ಹಾಸಿಗೆಯೇ ಗತಿ. ಅಂಗಾಲಿನ ಎಣ್ಣೆಯನ್ನು ಒರೆಸಿದ ಮೇಲೆಯೇ, "ಅತ್ತೆ, ಎಣ್ಣೆ ತೊಳೆಯೋಣ ಬನ್ನಿ" ಎಂದು ಎಬ್ಬಿಸುತ್ತೇನೆ. ನೀರಿನ ಬಿಸಿಯನ್ನು ನಾನೇ ಮೊಳಕೈಯಿಂದ ನೋಡುತ್ತೇನೆ, ಅವರಿಗದು ಸರಿಯಾಗಿ ತಿಳಿಯುವುದಿಲ್ಲ. ನೀರು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಕೊನೆಗೆ ಭುಜಕ್ಕೆ. ಹೆಗಲ ಮೇಲೆ ತೆಳು ಪಂಚೆ ಇದ್ದೇ ಇರುತ್ತದೆ, ಅದರ ಮೇಲೇ ನೀರು. ನೆನಪು ಕರಗಿದರೂ ಮಾನ ಕರಗಿಲ್ಲ. ಕೆಲವು ದಿನ ನನ್ನನ್ನು "ಅಕ್ಕಾ" ಎನ್ನುತ್ತಾರೆ. ಅಕ್ಕನ ಕೈಯಲ್ಲಿ ಸ್ನಾನ ಸಲೀಸು, ಸೊಸೆ ಎಂದು ನೆನಪಿಸಿ ನಾನು ಗಳಿಸುವುದೇನು?

ಮರೆವಿಗೆಂದು ಅವರು ತೆಗೆದುಕೊಳ್ಳುವ ಡೊನೆಪಿಜಿಲ್ ಮಾತ್ರೆ ಕೆಲವರಲ್ಲಿ ನಾಡಿಯನ್ನು ನಿಧಾನಗೊಳಿಸುತ್ತದೆ. ಹಾಗಾಗಿ ಸ್ಟೂಲಿನಿಂದ ತಟ್ಟನೆ ಎಬ್ಬಿಸುವುದಿಲ್ಲ, ಮೈ ಒರೆಸುವುದೆಲ್ಲ ಕೂತಲ್ಲೇ. ತಲೆ ಸುತ್ತಿದರೆ ವೈದ್ಯರಿಗೆ ತಿಳಿಸಬೇಕು. ಒರೆಸುವಾಗ ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿ ನೋಡುತ್ತೇನೆ. ಒತ್ತಿದರೂ ಬಿಳುಪಾಗದ ಕೆಂಪು ಕಲೆ, ಕೂತಲ್ಲೇ ಮಲಗಿದಲ್ಲೇ ಇರುವವರಿಗೆ ಒತ್ತಡದಿಂದ ಬರುವ ಹುಣ್ಣಿನ ಆರಂಭ.

ತಲೆಸ್ನಾನ ವಾರಕ್ಕೊಮ್ಮೆ ಸಾಕು. ತೀರಾ ಬೇಡವೆಂದ ದಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮುಖ, ಕಂಕುಳು, ತೊಡೆಸಂದು ಒರೆಸಿ ಬಿಡುತ್ತೇನೆ. ಆದರೆ ಒಂದೆರಡು ದಿನಗಳಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ, ಇಲ್ಲದವರು ಕಾಣಿಸತೊಡಗಿದರೆ, ಮಂಕು ಕವಿದರೆ, ಕಾಯಿಲೆ ಮುಂದುವರಿಯಿತೆಂದು ಕೂರುವುದಿಲ್ಲ. ಒಮ್ಮೆ ಹಾಗಾದಾಗ ಪರೀಕ್ಷೆಯಲ್ಲಿ ಕಂಡದ್ದು ಮೂತ್ರದ ಸೋಂಕು. ಜ್ವರವಾಗಲಿ ಉರಿಯ ದೂರಾಗಲಿ ಇರಲಿಲ್ಲ. ಔಷಧಿ ಮುಗಿಯುವ ಹೊತ್ತಿಗೆ ತಂಬಿಗೆ ಮತ್ತೆ ಅವರ ಕೈಯಲ್ಲಿತ್ತು.