ಏಪ್ರಿಲ್ 12ರ ಪುಟ ನಾನು ಕಟ್ಟಿದ ಬಗೆ

ವರ್ಷದ ಪ್ರತಿ ತಾರೀಖಿಗೂ ಒಂದೊಂದು ಪುಟ ಇಟ್ಟು, ಆ ದಿನ ಏನಾಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು ಅಂತ ಬರೆದಿಡುವುದು ನನಗೆ ಬಹಳ ಇಷ್ಟದ ಕೆಲಸ. ನಾಲ್ಕು ಕಡೆ ಹುಡುಕಿ, ಸಿಕ್ಕಿದ್ದನ್ನೆಲ್ಲ ಸಾಲಾಗಿ ಬರೆದರೆ ಪುಟ ತುಂಬುತ್ತದೆ, ಅಲ್ವಾ? ತುಂಬುವುದೇನೋ ನಿಜ. ಆದರೆ ಓದಿದವರ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ನಾನು ಪ್ರತಿ ಸಂಗತಿಗೂ ಎರಡು ಪ್ರಶ್ನೆ ಹಾಕುತ್ತೇನೆ. ಇದು ನಿಜವಾಗಿಯೂ ಇದೇ ದಿನ ನಡೆದದ್ದಾ? ಇದಕ್ಕೂ ಇದೇ ಪುಟದ ಬೇರೆ ಸಂಗತಿಗೂ ನಂಟು ಇದೆಯಾ, ಅಥವಾ ಸುಮ್ನೆ ಒಂದೇ ದಿನಕ್ಕೆ ಬಂದು ಬಿದ್ದಿವೆಯಾ?

ಏಪ್ರಿಲ್ 12ರ ಪುಟವನ್ನು ಹೇಗೆ ಕಟ್ಟಿದೆ ಅಂತ ಹೇಳಿದರೆ ನನ್ನ ಕ್ರಮ ಅರ್ಥವಾಗುತ್ತದೆ.

ಮೊದಲು ಚೀಟಿಗಳು. ಒಂದು ಸಂಗತಿಗೆ ಒಂದು ಚೀಟಿ. ಅದರಲ್ಲಿ ವರ್ಷ, ಜಾಗ, ಅಲ್ಲಿನ ಗಡಿಯಾರದ ಸಮಯ, ಆಗ ಆ ದೇಶದಲ್ಲಿ ಯಾವ ಕ್ಯಾಲೆಂಡರ್ ನಡೆಯುತ್ತಿತ್ತು ಎಂಬುದು, ಮಾಹಿತಿ ಎಲ್ಲಿ ಸಿಕ್ಕಿತು ಎಂಬುದು, ಇಷ್ಟೂ ಇರಲೇಬೇಕು. ಗಗಾರಿನ್ ಚೀಟಿ ಹೀಗಿದೆ: "1961. ಯೂರಿ ಗಗಾರಿನ್, ವೋಸ್ಟೋಕ್ 1. ಬೈಕನೂರಿನಿಂದ ಮಾಸ್ಕೋ ಸಮಯ ಬೆಳಿಗ್ಗೆ 9.07ಕ್ಕೆ ಹೊರಟಿದ್ದು. ಭೂಮಿಗೆ ಒಂದು ಸುತ್ತು, ಒಟ್ಟು 108 ನಿಮಿಷ. ಇಳಿದದ್ದು ಸರಟೋವ್ ಪ್ರಾಂತ್ಯದಲ್ಲಿ." ಅದರ ಕೆಳಗೆ ಇನ್ನೊಂದು ಸಾಲು: "ಗ್ರೀನಿಚ್ ಸಮಯ 6.07. ಭಾರತದಲ್ಲಿ 11.37. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 11ನೇ ತಾರೀಖಿನ ರಾತ್ರಿ." ಮನುಷ್ಯ ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಹೋದಾಗ ಭೂಮಿಯ ಮೇಲೆ ಎಲ್ಲರಿಗೂ ಒಂದೇ ತಾರೀಖು ಇರಲಿಲ್ಲ. ನನಗೆ ಇದು ತುಂಬಾ ಇಷ್ಟವಾಗುವ ಸಾಲು.

ಸಮಯದ ಸಾಲು ಇಲ್ಲದ ಚೀಟಿಯನ್ನು ನಾನು ಪುಟಕ್ಕೆ ಏರಿಸುವುದಿಲ್ಲ. ಚಂದ್ರನ ಮೇಲೆ ಅಪೊಲೊ 11 ಇಳಿದದ್ದು 1969ರ ಜುಲೈ 20 ಅಂತ ಎಲ್ಲರೂ ಬರೆಯುತ್ತಾರೆ. ಗ್ರೀನಿಚ್ ಸಮಯದಲ್ಲಿ ಅದು ರಾತ್ರಿ 8.17. ಭಾರತದಲ್ಲಿ ಆಗಲೇ 21ನೇ ತಾರೀಖು, ಮಧ್ಯರಾತ್ರಿ ಕಳೆದು 1.47. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದಂತೂ ಗ್ರೀನಿಚ್ ಲೆಕ್ಕದಲ್ಲೂ 21ನೇ ತಾರೀಖೇ. ಪರ್ಲ್ ಹಾರ್ಬರ್ ದಾಳಿಯೂ ಹಾಗೆಯೇ. ಹವಾಯಿಯಲ್ಲಿ ಡಿಸೆಂಬರ್ 7, ಜಪಾನಿನಲ್ಲಿ 8. ಘಟನೆ ನಡೆದ ಜಾಗದ ತಾರೀಖನ್ನೇ ಹಿಡಿಯುವುದು, ವ್ಯತ್ಯಾಸ ಇದ್ದರೆ ಪಕ್ಕದಲ್ಲೇ ಹೇಳಿಬಿಡುವುದು, ಇದು ನನ್ನ ನಿಯಮ. ಚಂದ್ರನಿಗೆ ತನ್ನದೇ ಗಡಿಯಾರ ಇಲ್ಲದ ಕಾರಣ ಅಲ್ಲಿ ಗ್ರೀನಿಚ್ ಸಮಯ ಹಿಡಿದಿದ್ದೇನೆ.

ಏಪ್ರಿಲ್ 12ಕ್ಕೆ ಸಿಕ್ಕ ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ನಿಜವಾದ ಕೆಲಸ ಶುರುವಾಯಿತು. 1861ರಲ್ಲಿ ಬೆಳಗಿನ ಜಾವ 4.30ಕ್ಕೆ ಫೋರ್ಟ್ ಸಮ್ಟರ್ ಮೇಲೆ ಗುಂಡಿನ ದಾಳಿ ನಡೆದು ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. 1912ರಲ್ಲಿ ಕ್ಲಾರಾ ಬಾರ್ಟನ್ ತೀರಿಕೊಂಡರು. 1917ರಲ್ಲಿ ಕ್ರಿಕೆಟಿಗ ವಿನೂ ಮಂಕಡ್ ಹುಟ್ಟಿದರು. 1945ರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತೀರಿಕೊಂಡರು. 1955ರಲ್ಲಿ ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಪ್ರಕಟವಾಯಿತು. 1961ರಲ್ಲಿ ಗಗಾರಿನ್. 1981ರಲ್ಲಿ ಮೊದಲ ಸ್ಪೇಸ್ ಶಟಲ್ ಕೊಲಂಬಿಯಾ ಹಾರಿತು. 2006ರಲ್ಲಿ ಡಾ. ರಾಜ್‌ಕುಮಾರ್ ನಮ್ಮನ್ನು ಬಿಟ್ಟು ಹೋದರು.

ಇದನ್ನು ಹೀಗೇ ಬಿಟ್ಟರೆ ಇದು ಬರೀ ಪಟ್ಟಿ. ಹಾಗಾಗಿ ನಂಟು ಹುಡುಕಿದೆ.

ರೂಸ್‌ವೆಲ್ಟ್ ಮತ್ತು ಪೋಲಿಯೊ ಚೀಟಿಗಳನ್ನು ಅಕ್ಕಪಕ್ಕ ಇಟ್ಟೆ. ರೂಸ್‌ವೆಲ್ಟ್ ಅವರ ಕಾಲುಗಳ ಶಕ್ತಿ ಹೋದದ್ದು ಪೋಲಿಯೊದಿಂದ ಎಂದೇ ಆಗ ವೈದ್ಯರು ಹೇಳಿದ್ದರು. 1938ರಲ್ಲಿ ಅವರು ಈ ಕಾಯಿಲೆಯ ವಿರುದ್ಧ ಒಂದು ಪ್ರತಿಷ್ಠಾನ ಕಟ್ಟಿದರು. ಜೋನಾಸ್ ಸಾಕ್ ಅವರ ಲಸಿಕೆಗೆ ಹಣ ಕೊಟ್ಟದ್ದು ಅದೇ ಪ್ರತಿಷ್ಠಾನ. ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ ಪರೀಕ್ಷೆ ನಡೆಯಿತು. ಅದರ ಫಲಿತಾಂಶವನ್ನು ಥಾಮಸ್ ಫ್ರಾನ್ಸಿಸ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಕಟಿಸಿದಾಗ ರೂಸ್‌ವೆಲ್ಟ್ ತೀರಿಕೊಂಡು ಸರಿಯಾಗಿ ಹತ್ತು ವರ್ಷ. ಅವರು ಕೊನೆಯುಸಿರೆಳೆದದ್ದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಪೋಲಿಯೊ ಪೀಡಿತರಿಗಾಗಿ ತಾವೇ ಬೆಳೆಸಿದ ಜಾಗದಲ್ಲಿ. ಇವು ಪುಟದಲ್ಲಿ ಎರಡು ಬೇರೆ ಸಾಲುಗಳಾಗಿ ದೂರ ದೂರ ಕೂರಬಾರದು ಅನ್ನಿಸಿತು. ಒಂದೇ ಪ್ಯಾರಾದಲ್ಲಿ ಸೇರಿಸಿ ಬರೆದೆ. ಈ ಪುಟದಲ್ಲಿ ನನಗೆ ಜಾಸ್ತಿ ತೃಪ್ತಿ ಕೊಟ್ಟದ್ದು ಈ ಪ್ಯಾರಾನೇ.

ಕ್ಲಾರಾ ಬಾರ್ಟನ್ ಚೀಟಿಯೂ ಹಾಗೆಯೇ ತನ್ನ ಜೋಡಿ ಹುಡುಕಿಕೊಂಡಿತು. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆ ಮಾಡಿ ಹೆಸರಾದವರು ಅವರು. 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಕಟ್ಟಿದರು. ಆ ಯುದ್ಧ ಶುರುವಾದ ತಾರೀಖಿನಂದೇ, 51 ವರ್ಷಗಳ ನಂತರ, ಕಣ್ಣು ಮುಚ್ಚಿದರು. ತಾರೀಖು ಕೂಡಿದ್ದು ಆಕಸ್ಮಿಕ. ಆದರೆ ಯುದ್ಧಕ್ಕೂ ಅವರ ಬದುಕಿಗೂ ಇದ್ದ ನಂಟು ಗಟ್ಟಿ. ಎರಡನ್ನೂ ಸ್ಪಷ್ಟವಾಗಿ ಹೇಳಿದರೆ ಓದುಗರಿಗೆ ಅನ್ಯಾಯ ಆಗುವುದಿಲ್ಲ.

ಗಗಾರಿನ್ ಹೋಗಿ 20 ವರ್ಷ ತುಂಬಿದ ದಿನವೇ ಕೊಲಂಬಿಯಾ ಹಾರಿದ್ದನ್ನು ನೋಡಿದರೆ ಬೇಕಂತಲೇ ಆ ದಿನ ಆರಿಸಿದರು ಅನ್ನಿಸುತ್ತದೆ. ಅದು ಹಾಗಲ್ಲ. ಹಾರಬೇಕಿದ್ದದ್ದು ಏಪ್ರಿಲ್ 10ರಂದು. ನಾಲ್ಕು ಮುಖ್ಯ ಕಂಪ್ಯೂಟರ್‌ಗಳಿಗೂ ಬದಲಿ ಕಂಪ್ಯೂಟರಿಗೂ ಸಮಯ ಹೊಂದಾಣಿಕೆಯಾಗದೆ ಅಂದಿನ ಪ್ರಯಾಣ ನಿಂತಿತು. ಎರಡು ದಿನ ತಡವಾಗಿ ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪ್ಪೆನ್ ಹೊರಟರು. ಇಂಥ ಕಾರಣ ಸಿಕ್ಕಿದರೆ ನಾನು ಅದನ್ನು ಬಿಡುವುದೇ ಇಲ್ಲ. ಅದೊಂದು ಸಾಲು ಸೇರಿಸಿದರೆ ಓದುಗರು ಸುಳ್ಳು ಕಥೆ ಕಟ್ಟಿಕೊಳ್ಳುವುದು ತಪ್ಪುತ್ತದೆ.

ಬೇಕಂತಲೇ ಆರಿಸಿದ ತಾರೀಖುಗಳೂ ಇವೆ. ಭಾರತದ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಅದು ಪೂರ್ತಿಯಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಎರಡು ತಿಂಗಳು ಕಾದದ್ದು 1930ರ ಜನವರಿ 26ರ ಪೂರ್ಣ ಸ್ವರಾಜ್ಯ ದಿನದ ನೆನಪಿಗೆ. ಆಯ್ಕೆಯಿಂದ ಕೂಡಿದ್ದು, ಬದುಕಿನ ನಂಟಿನಿಂದ ಕೂಡಿದ್ದು, ಆಕಸ್ಮಿಕವಾಗಿ ಕೂಡಿದ್ದು ಅಂತ ಮೂರು ಗುಡ್ಡೆ ಮಾಡಿಕೊಂಡೇ ನಾನು ಬರೆಯಲು ಕೂರುವುದು. ಮಂಕಡ್ ಮತ್ತು ಗಗಾರಿನ್ ಮೂರನೇ ಗುಡ್ಡೆ. ಅಲ್ಲಿ ಏನೂ ನಂಟು ಹೆಣೆಯಬಾರದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಮನಸ್ಸಿಗೆ ತಟ್ಟುವ ಸಂಗತಿಯೇ ಹೌದು. ಆದರೂ 365 ದಿನಗಳ ವರ್ಷದಲ್ಲಿ ಸುಮಾರು 365 ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಅಂತ ಪಕ್ಕದಲ್ಲೇ ಬರೆದಿದ್ದೇನೆ.

ಹಳೆಯ ಕಾಲಕ್ಕೆ ಹೋದರೆ ಕ್ಯಾಲೆಂಡರ್ ತೊಡಕು. ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಇವತ್ತಿನ ಗ್ರೆಗೋರಿಯನ್ ಕ್ಯಾಲೆಂಡರ್ ಹಿಡಿದಾಗ ಒಂದೊಂದು ದೇಶವೂ ನಡುವಿನ ಕೆಲವು ತಾರೀಖು ಹಾರಿಸಿತು. ಇಟಲಿ, ಸ್ಪೇನ್, ಪೋರ್ಚುಗಲ್‌ನಲ್ಲಿ 1582ರ ಅಕ್ಟೋಬರ್ 4ರ ಮರುದಿನ 15 ಬಂತು. ಬ್ರಿಟನ್‌ನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14. ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14. ಅದಕ್ಕೇ ಅಕ್ಟೋಬರ್ ಕ್ರಾಂತಿ ಇವತ್ತಿನ ಲೆಕ್ಕದಲ್ಲಿ ನವೆಂಬರ್ 7. ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಇಂಗ್ಲೆಂಡ್ ಆಗ ಹಳೆಯ ಕ್ಯಾಲೆಂಡರ್‌ನಲ್ಲಿತ್ತು, ಸ್ಪೇನ್ ಹೊಸದರಲ್ಲಿ. ನಡುವೆ ಹತ್ತು ದಿನದ ಅಂತರ. ಮೇಲಾಗಿ ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಮಣ್ಣು ಮಾಡಿದ ದಿನ. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನುವುದೂ ಎರಡು ಕ್ಯಾಲೆಂಡರ್ ಬೆರೆಸಿದ ಮಾತು. ಹೊಸ ಲೆಕ್ಕದಲ್ಲಿ ಗೆಲಿಲಿಯೊ ತೀರಿಕೊಂಡದ್ದು 1642ರ ಜನವರಿ 8, ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಇಂಥವಕ್ಕೆ ನನ್ನ ಚೀಟಿಯಲ್ಲಿ ಎರಡೂ ತಾರೀಖು ಇರುತ್ತವೆ.

ಎರಡು ಮಾತು ಓಡಾಡುವ ಸಂಗತಿ ಸಿಕ್ಕರೆ ಪುಟಕ್ಕೆ ಹಾಕುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಅವರ ನಿಧನಕ್ಕೆ 1962ರ ಏಪ್ರಿಲ್ 12 ಅಂತಲೂ ಇದೆ, 14 ಅಂತಲೂ ಇದೆ. ಅವರನ್ನು ಸೆಪ್ಟೆಂಬರ್ 15ರ ಪುಟದಲ್ಲಿ, ಹುಟ್ಟಿದ ದಿನಕ್ಕೆ ಇಟ್ಟಿದ್ದೇನೆ. ಅಲ್ಲಿ ಜಾಗವೂ ಜಾಸ್ತಿ ಕೊಟ್ಟಿದ್ದೇನೆ.

ಇನ್ನು ಜೋಡಿಸುವುದು. ವರ್ಷದ ಕ್ರಮದಲ್ಲಿ ಬರೆದರೆ ಕೊಲಂಬಿಯಾ ಹಾರಾಟದ ಖುಷಿಯ ಬೆನ್ನಿಗೇ ಸಾವಿನ ಸುದ್ದಿ ಬಂದು ಎರಡೂ ಕಳೆಗುಂದುತ್ತವೆ. ನಾನು ಬಾಹ್ಯಾಕಾಶದ ಎರಡು ಸಂಗತಿ ಮೇಲೆ ಇಟ್ಟೆ. 2011ರಲ್ಲಿ ವಿಶ್ವಸಂಸ್ಥೆ ಏಪ್ರಿಲ್ 12ನ್ನು ಮಾನವ ಬಾಹ್ಯಾಕಾಶ ಯಾನದ ಅಂತರರಾಷ್ಟ್ರೀಯ ದಿನ ಎಂದು ಘೋಷಿಸಿದ್ದನ್ನೂ ಅಲ್ಲೇ ಸೇರಿಸಿದೆ. ನಂತರ ರೂಸ್‌ವೆಲ್ಟ್ ಮತ್ತು ಲಸಿಕೆ, ಆಮೇಲೆ ಯುದ್ಧ ಮತ್ತು ಬಾರ್ಟನ್. ಮಂಕಡ್ ಅವರಿಗೆ ಒಂದೇ ಸಾಲು. ರಾಜ್‌ಕುಮಾರ್ ಅವರಿಗೆ ಬೇರೆಯೇ ಪ್ಯಾರಾ. 77ನೇ ಹುಟ್ಟುಹಬ್ಬಕ್ಕೆ ಹನ್ನೆರಡು ದಿನ ಬಾಕಿ ಇತ್ತು ಅನ್ನುವುದನ್ನು ಬರೆದು, ಏಪ್ರಿಲ್ 24ರ ಪುಟ ನೋಡಿ ಅಂತ ದಾರಿ ತೋರಿಸಿದೆ.

ಈಗ ಕೈಯಲ್ಲಿರುವುದು ಫೆಬ್ರವರಿ 29. ಮೊರಾರ್ಜಿ ದೇಸಾಯಿ, 1896. ರುಕ್ಮಿಣಿ ದೇವಿ ಅರುಂಡೇಲ್, 1904. ಚೀಟಿಗಳು ಇನ್ನೂ ಕಡಿಮೆ, ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ ನೋಡಿ. ಜೊತೆಗೆ 1712ರಲ್ಲಿ ಸ್ವೀಡನ್ ಕ್ಯಾಲೆಂಡರ್ ಸರಿಪಡಿಸಲು ಫೆಬ್ರವರಿ 30 ಅಂತಲೂ ಒಂದು ದಿನ ಸೇರಿಸಿತ್ತು. ಅದಕ್ಕೆ ಬೇರೆ ಪುಟ ಹಾಕಲಾಗದು. 29ರ ಪುಟದ ಕೊನೆಗೇ ಎರಡು ಸಾಲು ಬರೆದು ಸೇರಿಸುತ್ತಿದ್ದೇನೆ.