ಇಮೇಲ್ ಐಡಿಯಲ್ಲಿ ಯಾವ ಅಕ್ಷರ ಹಾಕಬಹುದು?

ನಮ್ಮಲ್ಲಿ ಹೆಸರಿನ ಕೊನೆಗೆ ಇನಿಷಿಯಲ್, ಅದರ ಪಕ್ಕದಲ್ಲೊಂದು ಚುಕ್ಕಿ. ‘ರಮೇಶ್ ಕೆ.’ ಎಂದು ಬರೆದು ರೂಢಿಯಾದವರು ಇಮೇಲ್ ಐಡಿಯನ್ನೂ ಹಾಗೇ ಮಾಡಲು ಹೋಗುತ್ತಾರೆ. ತಕ್ಷಣ ಕೆಂಪು ಅಕ್ಷರದಲ್ಲಿ ತಕರಾರು! ಚುಕ್ಕಿ ಮೊದಲಲ್ಲೂ ಬರಬಾರದು, ಕೊನೆಯಲ್ಲೂ ಬರಬಾರದು, ಎರಡು ಚುಕ್ಕಿ ಒಟ್ಟಿಗೂ ಬರಬಾರದು. ಮಧ್ಯದಲ್ಲಿ ಒಂದಿದ್ದರೆ ತೊಂದರೆಯಿಲ್ಲ.

ಮೊದಲು @ ಚಿಹ್ನೆಯ ಎಡಭಾಗ ನೋಡಿ. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ ಈ ಚಿಹ್ನೆಯನ್ನು ಆರಿಸಿಕೊಂಡಾಗಿನಿಂದ ಎಡಕ್ಕೆ ಬಳಕೆದಾರರ ಹೆಸರು, ಬಲಕ್ಕೆ ಮೇಲ್ ಸೇರಬೇಕಾದ ಜಾಗ. ಎಡಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಹೈಫನ್ (-), ಅಂಡರ್‌ಸ್ಕೋರ್ (_), ಪ್ಲಸ್ ಎಲ್ಲಾ ನಡೆಯುತ್ತವೆ. ನಿಯಮದ ಪ್ರಕಾರ !, #, $, % ಕೂಡ ಸರಿಯೇ, ಆದರೆ ಸುಮ್ನೆ ಆ ಗೋಜಿಗೆ ಹೋಗಬೇಡಿ. ಈ ಭಾಗದ ಉದ್ದ 64 ಅಕ್ಷರ ಮೀರುವಂತಿಲ್ಲ.

ಆಮೇಲೆ ನಿಮಗೆ ಐಡಿ ಕೊಡುವ ಮೇಲ್ ಕಂಪನಿಯ ನಿಯಮ ನೋಡಿ, ಅದು ಇನ್ನೂ ಬಿಗಿ. ಜಿಮೇಲ್‌ನಲ್ಲಿ ಹೊಸ ಐಡಿಗೆ ಅಕ್ಷರ, ಅಂಕಿ, ಚುಕ್ಕಿ ಮಾತ್ರ. ಉದ್ದ 6ರಿಂದ 30 ಅಕ್ಷರದೊಳಗೆ ಇರಬೇಕು. ಅಲ್ಲಿ ಚುಕ್ಕಿಗೆ ಲೆಕ್ಕವೇ ಇಲ್ಲ. ಚುಕ್ಕಿ ಇಟ್ಟರೂ ಬಿಟ್ಟರೂ ಮೇಲ್ ಅದೇ ಡಬ್ಬಿಗೆ ಬರುತ್ತದೆ. ಔಟ್‌ಲುಕ್‌ನಲ್ಲಿ ಅಂಡರ್‌ಸ್ಕೋರ್, ಹೈಫನ್ ಕೂಡ ಸಿಗುತ್ತವೆ.

ಸಿಗುತ್ತವೆ ಎಂದು ಅಂಡರ್‌ಸ್ಕೋರ್ ಹಾಕಬೇಡಿ. ಐಡಿಯ ಕೆಳಗೆ ಗೆರೆ ಬಂದಾಗ ಅದು ಗೆರೆಯಲ್ಲೇ ಕರಗಿಹೋಗುತ್ತದೆ. ಜೆರಾಕ್ಸ್ ಮಾಡಿಸಿದರೆ ಮುಗಿದೇ ಹೋಯಿತು, ಅಲ್ವಾ? ಬೆಂಗಳೂರಿನಲ್ಲಂತೂ ಐಡಿಯನ್ನು ಬಾಯಲ್ಲಿ ಹೇಳುವ ಸಂದರ್ಭವೇ ಜಾಸ್ತಿ. ಕೌಂಟರ್‌ನ ಆ ಕಡೆ ಕೂತವರಿಗೆ ಕನ್ನಡ ಬರಬಹುದು, ಬರದೆಯೂ ಇರಬಹುದು. ಹಿಂದೆ ಆಟೋ ಹಾರ್ನ್ ಬೇರೆ. ‘ಡಾಟ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

@ ಚಿಹ್ನೆಯ ಬಲಭಾಗ ನಿಮ್ಮದೇ ಅಂಗಡಿಯ ಡೊಮೈನ್ (ಇಂಟರ್ನೆಟ್ ವಿಳಾಸ) ಆದರೆ ಅಲ್ಲಿ ಅಕ್ಷರ, ಅಂಕಿ, ಹೈಫನ್ ಅಷ್ಟೇ. ಹೈಫನ್ ತುದಿಯಲ್ಲಿ ಬರಬಾರದು, ಅಂಡರ್‌ಸ್ಕೋರ್ ಬೇಡವೇ ಬೇಡ. ದೊಡ್ಡಕ್ಷರ ಚಿಕ್ಕಕ್ಷರದ ಚಿಂತೆ ಬಿಡಿ.

ಕನ್ನಡದಲ್ಲೇ ಐಡಿ ಬೇಕೆ? 2012ರಲ್ಲಿ ಬಂದ ಇಮೇಲ್ ನಿಯಮ ಒಪ್ಪುತ್ತದೆ, ಕನ್ನಡ ಲಿಪಿಯಲ್ಲಿ ‘.ಭಾರತ’ ಡೊಮೈನ್ ಕೂಡ ಇದೆ. ಆದರೆ ಎಷ್ಟೋ ವೆಬ್‌ಸೈಟ್‌ಗಳ ಫಾರ್ಮ್‌ಗಳು ಇನ್ನೂ ಇಂಗ್ಲಿಷ್ ಐಡಿಯನ್ನೇ ಕೇಳುತ್ತವೆ. ಹಾಗಾಗಿ ಅದರ ಜೊತೆಗೆ ಇಂಗ್ಲಿಷ್‌ನದ್ದೂ ಒಂದು ಇಟ್ಟುಕೊಳ್ಳಿ.